ಅಜ್ಜನ ಕಾರಿಗೆ ಎಂಥ ಚಕ್ರ?

ಚಕ್ರವೆಂದರೆ ದುಂಡಗಿರಬೇಕು, ಉರುಳಬೇಕು. ಅದರಲ್ಲಿ ಆರಿಸುವುದಕ್ಕೆ ಏನಿದೆ ಎಂದು ಕೇಳುವವರೇ ಹೆಚ್ಚು. ಹೊಸ ಕಾರು ಇರುವವರಿಗೆ ಈ ಪ್ರಶ್ನೆ ಹುಟ್ಟುವುದೂ ಇಲ್ಲ. ಟೈರು ಸವೆದರೆ ಅಂಗಡಿಗೆ ಹೋಗಿ ಕಾರಿನ ಹೆಸರು ಹೇಳಿದರೆ ಸಾಕು, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಆದರೆ ತಯಾರಿಕೆ ನಿಂತು ಎರಡು ದಶಕ ಕಳೆದ ಕಾರೊಂದು ಮನೆಯಲ್ಲಿದ್ದರೆ ಕಥೆಯೇ ಬೇರೆ. ಅದರ ರಿಮ್ಮನ್ನು ಗುಜರಿಯಲ್ಲಿ ಹುಡುಕಬೇಕು, ಟೈರನ್ನು ಹೇಳಿ ತರಿಸಬೇಕು. ಸಿಗದಿದ್ದಾಗ ‘ಇದೂ ಕೂರುತ್ತೆ ಸಾರ್, ಹಾಕ್ಕೊಳ್ಳಿ’ ಎನ್ನುವವರ ಮಾತಿಗೆ ತಲೆಯಾಡಿಸಬೇಕು. ಚಕ್ರವೊಂದು ಕಾರಿಗೆ ಕೂರುವುದು ಬೇರೆ, ಹೊಂದುವುದು ಬೇರೆ. ಈ ವ್ಯತ್ಯಾಸದ ನಡುವೆ ಹತ್ತನೇ ತರಗತಿಯ ಗಣಿತವೂ ಪಿಯುಸಿಯ ಭೌತಶಾಸ್ತ್ರವೂ ಅಡಗಿ ಕುಳಿತಿವೆ ಎಂಬುದನ್ನು ನನಗೆ ಕಾಣಿಸಿದ್ದು ಒಂದು ಅಪ್ಪ-ಮಗನ ಜಗಳ.

ಅದು 2023ರ ಅಕ್ಟೋಬರ್ ಕೊನೆಯ ವಾರ. ಮುಂಬಯಿಯ ಕಪ್ಪು-ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿಯಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅಲ್ಲಿ ಟ್ಯಾಕ್ಸಿಗಳಿಗೆ ಇಪ್ಪತ್ತು ವರ್ಷದ ಮಿತಿ. ಕೊನೆಯ ಪದ್ಮಿನಿ 2003ರಲ್ಲಿ ಟ್ಯಾಕ್ಸಿಯಾಗಿ ನೋಂದಣಿಯಾಗಿತ್ತು. ಆ ಸುದ್ದಿಯ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದುಕೊಂಡೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಭಾನುವಾರ ಬೆಳಿಗ್ಗೆ ಮನೆಗೆ ಬಂದ. ಆಗ ಎರಡನೇ ಪಿಯುಸಿ ಓದುತ್ತಿದ್ದ. ಹಿಂದೆಯೇ ಅವನ ಅಪ್ಪ. ಇಬ್ಬರ ಮುಖವೂ ಬಿಗಿದಿತ್ತು.

ಅವರ ಮನೆಯಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಇದೆ. ಹುಡುಗನ ಅಜ್ಜ 1982ರಲ್ಲಿ ಹೊಸದಾಗಿ ಕೊಂಡದ್ದು. ನಮ್ಮ ಊರಿನಲ್ಲಿ ಎಷ್ಟೋ ಬಸುರಿಯರನ್ನು ರಾತ್ರೋರಾತ್ರಿ ಹಾಸನದ ಆಸ್ಪತ್ರೆಗೆ ಮುಟ್ಟಿಸಿದ ಕಾರು ಅದು. ಅಜ್ಜ ತೀರಿಹೋಗಿ ಎರಡು ವರ್ಷವಾಗಿತ್ತು. ಮೊಮ್ಮಗನಿಗೆ ಆ ಕಾರಿನ ಮೇಲೆ ಪ್ರಾಣ. ಬೆಳ್ಳಿಯಂತೆ ಹೊಳೆಯುವ ಅಗಲವಾದ ಅಲಾಯ್ ಚಕ್ರಗಳನ್ನು ಹಾಕಿಸಬೇಕೆಂದು ಹಟ ಹಿಡಿದಿದ್ದ. ಅಂಗಡಿಯಿಂದ ಒಂದು ಚಕ್ರವನ್ನು ‘ನೋಡಿ ಕೊಡುತ್ತೇನೆ’ ಎಂದು ಹೇಳಿ ಹೊತ್ತುಕೊಂಡೂ ಬಂದಿದ್ದ.

‘ನೀವೇ ಹೇಳಿ ಮೇಷ್ಟ್ರೇ, ಫಿಸಿಕ್ಸಿನಲ್ಲಿ ಮೂವತ್ತೆಂಟು ಮಾರ್ಕ್ಸು, ಚಕ್ರದ ವಿಷಯದಲ್ಲಿ ಮಾತ್ರ ರ‍್ಯಾಂಕು. ಈ ಕಾರನ್ನೇ ಗುಜರಿಗೆ ಕೊಟ್ಟುಬಿಡುತ್ತೇನೆ. ಇದು ಮನೆಯಲ್ಲಿರುವ ತನಕ ಇವನು ಓದುವುದಿಲ್ಲ. ನಾಳೆ ಏನಾದರೂ ಅನಾಹುತವಾದರೆ ಯಾರು ಹೊಣೆ?’ ಎಂದು ಅಪ್ಪ ಒಂದೇ ಉಸಿರಿನಲ್ಲಿ ಹೇಳಿದರು. ಗುಜರಿಯವನು ಬೆಲೆಯನ್ನೂ ಕಟ್ಟಿ ಹೋಗಿದ್ದನಂತೆ. ಹುಡುಗನ ಕಣ್ಣಲ್ಲಿ ನೀರು ತುಂಬಿತ್ತು.

ಬೇಡ ಎಂದರೆ ಹುಡುಗ ಮುರಿದುಕೊಳ್ಳುತ್ತಾನೆ, ಆಗಲಿ ಎಂದರೆ ಅಪ್ಪ. ಆದ್ದರಿಂದ ತೀರ್ಪು ಹೇಳುವ ಕೆಲಸವನ್ನು ಅಳತೆಪಟ್ಟಿಗೆ ಬಿಡೋಣ ಎಂದೆ. ‘ಈ ಚಕ್ರ ನಿನ್ನ ಕಾರಿಗೆ ಹೊಂದುತ್ತದೋ ಇಲ್ಲವೋ ನೀನೇ ಅಳೆದು ಬರೆದುಕೊಂಡು ಬಾ. ಲೆಕ್ಕ ಏನು ಹೇಳುತ್ತದೋ ಅದನ್ನು ನೀನೂ ಒಪ್ಪಬೇಕು, ನಿಮ್ಮಪ್ಪನೂ ಒಪ್ಪಬೇಕು. ಅಲ್ಲಿಯವರೆಗೆ ಗುಜರಿಯವನಿಗೂ ಕಾಯಲು ಹೇಳಿ’ ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡೆ. ಲೈಸೆನ್ಸ್ ವಯಸ್ಸಿಗೆ ಹುಡುಗನಿಗೆ ಇನ್ನೂ ಏಳು ತಿಂಗಳಿತ್ತು. ಅಳೆಯಬಹುದು, ಸ್ಟೀರಿಂಗ್ ಮುಟ್ಟುವಂತಿಲ್ಲ ಎಂಬುದು ನನ್ನ ಇನ್ನೊಂದು ಷರತ್ತು.

ಪದ್ಮಿನಿಯ ವಂಶಾವಳಿಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮೂಲತಃ ಇದು ಇಟಲಿಯ ಫಿಯೆಟ್ 1100. ನಮ್ಮಲ್ಲಿ 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಬಂದ ರೂಪವೇ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪೆನಿ ಇದನ್ನು ತಯಾರಿಸುತ್ತಿತ್ತು. 1089 ಸಿಸಿ ಎಂಜಿನ್, ಹಿಂದಿನ ಚಕ್ರಗಳಿಗೆ ಶಕ್ತಿ, ನಾಲ್ಕೂ ಕಡೆ ಡ್ರಮ್ ಬ್ರೇಕು, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಚಕ್ರದ ಬಗ್ಗೆ ಯೋಚಿಸುವಾಗ ಈ ವಿವರಗಳೆಲ್ಲ ಲೆಕ್ಕಕ್ಕೆ ಬರುತ್ತವೆ. ಆ ಕಾರಿನ ಬೇರಿಂಗು, ಬ್ರೇಕು, ಸ್ಟೀರಿಂಗ್ ಎಲ್ಲವನ್ನೂ ಒಂದು ನಿರ್ದಿಷ್ಟ ಚಕ್ರವನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಿದ್ದಾರೆ.

ಮೊದಲು ಟೈರಿನ ಮೇಲಿನ ಬರಹ. ಪದ್ಮಿನಿಯ ಹಳೆಯ ಟೈರಿನ ಮೇಲೆ 5.20-14 ಎಂದಿರುತ್ತದೆ. ಟೈರಿನ ಅಗಲ 5.20 ಇಂಚು, ಅಂದರೆ ಸುಮಾರು 132 ಮಿಲಿಮೀಟರ್. ಅದು ಕೂರುವ ರಿಮ್ಮಿನ ವ್ಯಾಸ 14 ಇಂಚು. ಈಗಿನ ರೇಡಿಯಲ್ ಟೈರಿನಲ್ಲಿ 175/70 ಆರ್ 13 ಎಂಬಂತೆ ಬರೆದಿರುತ್ತದೆ. ಇಲ್ಲಿ ಅಗಲ 175 ಮಿ.ಮೀ.; ಟೈರಿನ ಗೋಡೆಯ ಎತ್ತರ ಆ ಅಗಲದ ಶೇಕಡಾ 70; ರಿಮ್ಮಿನ ವ್ಯಾಸ 13 ಇಂಚು. ಒಂದೇ ಸಾಲಿನಲ್ಲಿ ಮಿಲಿಮೀಟರೂ ಇಂಚೂ! ನನ್ನ ತರಗತಿಯಲ್ಲಿ ಯಾರಾದರೂ ಹೀಗೆ ಬರೆದರೆ ಅರ್ಧ ಮಾರ್ಕು ಕತ್ತರಿಸುತ್ತೇನೆ. ಲೋಕ ಮಾತ್ರ ಇದನ್ನು ಒಪ್ಪಿಕೊಂಡಿದೆ.

ಹುಡುಗ ತಂದದ್ದು 13 ಇಂಚಿನ, 6 ಇಂಚು ಅಗಲದ ಅಲಾಯ್. ಅದಕ್ಕೆ ಅಂಗಡಿಯವರು ಹೇಳಿದ ಟೈರು 175/70 ಆರ್ 13. ಅದರ ಒಟ್ಟು ಎತ್ತರ ಎಷ್ಟು? 175ರ ಶೇಕಡಾ 70 ಎಂದರೆ 122.5. ಮೇಲೊಂದು ಗೋಡೆ, ಕೆಳಗೊಂದು ಗೋಡೆ, ಒಟ್ಟು 245. 13 ಇಂಚನ್ನು 25.4ರಿಂದ ಗುಣಿಸಿದರೆ 330.2. ಕೂಡಿದರೆ 575.2 ಮಿ.ಮೀ. ಇದು ಕಾಗದದ ಲೆಕ್ಕ. ಭಾರ ಬಿದ್ದಾಗ ಟೈರಿನ ತಳ ಸ್ವಲ್ಪ ಚಪ್ಪಟೆಯಾಗುವುದರಿಂದ ರಸ್ತೆಯ ಮೇಲೆ ಒಂದು ಸುತ್ತಿಗೆ ಚಲಿಸುವ ದೂರ ಇದಕ್ಕಿಂತ ಕಡಿಮೆ. ಹಾಗಾಗಿ ನಾನು ಹುಡುಗನಿಗೆ ಸೀಮೆಸುಣ್ಣದ ಉಪಾಯ ಹೇಳಿಕೊಟ್ಟೆ. ಟೈರಿಗೂ ನೆಲಕ್ಕೂ ಒಂದೊಂದು ಗೀಟು ಎಳೆದು, ಕಾರನ್ನು ನೇರವಾಗಿ ತಳ್ಳಿ, ಮೂರು ಸುತ್ತು ಆದಮೇಲೆ ಮತ್ತೆ ನೆಲಕ್ಕೆ ಗೀಟು ಹಾಕಿ ದೂರ ಅಳೆದು ಮೂರರಿಂದ ಭಾಗಿಸುವುದು. ಒಂದರ ಬದಲು ಮೂರು ಸುತ್ತು ಏಕೆಂದರೆ ಅಳೆಯುವಾಗಿನ ಕೈತಪ್ಪು ಮೂರು ಪಾಲಾಗಿ ಹಂಚಿಹೋಗುತ್ತದೆ.

ಅಜ್ಜನ ಕಾರಿನ ಹಳೆಯ ಟೈರು ಮೂರು ಸುತ್ತಿಗೆ 5 ಮೀಟರ್ 58 ಸೆಂಟಿಮೀಟರ್ ಹೋಯಿತು. ಅಂದರೆ ಸುತ್ತಿಗೆ 1.86 ಮೀಟರ್. ಪಕ್ಕದ ಬೀದಿಯಲ್ಲಿ 175/70 ಆರ್ 13 ಟೈರಿರುವ ಕಾರೊಂದು ಇತ್ತು. ಅದರಲ್ಲಿ ಸುತ್ತಿಗೆ 1.76 ಮೀಟರ್. ವ್ಯತ್ಯಾಸ ಶೇಕಡಾ ಐದಕ್ಕೂ ಹೆಚ್ಚು. ಇದರ ಅರ್ಥವೇನು? ಹಳೆಯ ಸ್ಪೀಡೋಮೀಟರಿಗೆ ಚಕ್ರದ ಗಾತ್ರ ಗೊತ್ತಿಲ್ಲ, ಸುತ್ತು ಮಾತ್ರ ಗೊತ್ತು. ಮುಳ್ಳು 60 ತೋರಿಸುವಾಗ ಕಾರು ಮೊದಲು ಹೋಗುತ್ತಿದ್ದ ದೂರ ಹೋಗದೆ, ಸುಮಾರು 57ಕ್ಕೇ ನಿಲ್ಲುತ್ತದೆ. ಅದೇ ವೇಗಕ್ಕೆ ಎಂಜಿನ್ ಪ್ರತಿ ನೂರು ಸುತ್ತಿಗೆ ಆರರಷ್ಟು ಹೆಚ್ಚು ತಿರುಗಬೇಕು. ಕಾರಿನ ಹೊಟ್ಟೆ ನೆಲಕ್ಕೆ 16 ಮಿ.ಮೀ.ನಷ್ಟು ಹತ್ತಿರವಾಗುತ್ತದೆ. ನಮ್ಮೂರಿನ ರಸ್ತೆ ಉಬ್ಬುಗಳನ್ನು ಕಂಡವರಿಗೆ ಈ 16 ಮಿ.ಮೀ. ಬೆಲೆ ಏನೆಂದು ಹೇಳಬೇಕಾಗಿಲ್ಲ. ಸಾಮಾನ್ಯವಾಗಿ ಹಳೆಯ ಮತ್ತು ಹೊಸ ಟೈರಿನ ಸುತ್ತಳತೆಯ ವ್ಯತ್ಯಾಸ ಶೇಕಡಾ ಮೂರನ್ನು ಮೀರದಂತೆ ನೋಡಿಕೊಳ್ಳುವುದು ವಾಡಿಕೆ.

ಎರಡನೆಯದು ಬೋಲ್ಟಿನ ತೂತುಗಳ ವೃತ್ತ. ಪಿಸಿಡಿ ಎಂದು ಅಂಗಡಿಯವರು ಹೇಳುವುದು ಇದನ್ನೇ. ತೂತುಗಳ ನಡುಬಿಂದುಗಳನ್ನೆಲ್ಲ ಸೇರಿಸಿ ಎಳೆದ ವೃತ್ತದ ವ್ಯಾಸ. ನಾಲ್ಕು ತೂತಿದ್ದರೆ ಎದುರುಬದುರಿನ ಎರಡು ತೂತುಗಳ ನಡುವಿನ ದೂರವೇ ಉತ್ತರ. ಐದು ತೂತಿದ್ದರೆ ಎದುರಿಗೆ ಎದುರು ಸಿಗುವುದಿಲ್ಲ. ಆಗ ಪಕ್ಕಪಕ್ಕದ ಎರಡು ತೂತುಗಳ ದೂರವನ್ನು ಅಳೆದು 0.588ರಿಂದ ಭಾಗಿಸಬೇಕು. ಈ ಸಂಖ್ಯೆ ಆಕಾಶದಿಂದ ಬಿದ್ದದ್ದಲ್ಲ, 36 ಡಿಗ್ರಿಯ ಸೈನ್ ಬೆಲೆ. ‘ತ್ರಿಕೋನಮಿತಿ ಯಾವ ಉಪಯೋಗಕ್ಕೆ ಸಾರ್?’ ಎಂದು ಪ್ರತಿ ವರ್ಷ ಕೇಳುವ ಮಕ್ಕಳಿಗೆ ಈಗ ನನ್ನ ಬಳಿ ಹೊಸದೊಂದು ಉತ್ತರವಿದೆ.

ಈ ಅಳತೆಯಲ್ಲಿ ‘ಸುಮಾರು’ ಎಂಬ ಮಾತಿಗೆ ಜಾಗವಿಲ್ಲ. ಫಿಯೆಟ್ ಕಂಪೆನಿಯ ಹಲವು ಕಾರುಗಳಲ್ಲಿ ಈ ವೃತ್ತ 98 ಮಿ.ಮೀ.; ಬೇರೆ ಅನೇಕ ಕಾರುಗಳಲ್ಲಿ 100 ಮಿ.ಮೀ. ಬರೀ ಎರಡು ಮಿಲಿಮೀಟರ್. ಒತ್ತಿದರೆ ಚಕ್ರ ಕೂತಂತೆಯೇ ಕಾಣುತ್ತದೆ, ಬೋಲ್ಟೂ ತಿರುಗುತ್ತದೆ. ಆದರೆ ಬೋಲ್ಟಿನ ತಲೆ ತನ್ನ ಗುಳಿಯಲ್ಲಿ ಸರಿಯಾಗಿ ಕೂರದೆ ಒಂದು ಪಕ್ಕಕ್ಕೆ ಒರಗಿರುತ್ತದೆ. ಅದು ಸಡಿಲವಾಗುವುದು ಮನೆಯ ಮುಂದೆ ನಿಂತಾಗ ಅಲ್ಲ, ಘಾಟಿಯ ತಿರುವಿನಲ್ಲಿ. ಕಾರಿನ ಹೆಸರು ಒಂದೇ ಎಂಬುದನ್ನೂ ನಂಬುವಂತಿಲ್ಲ. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ 1967ರ ಮಾದರಿಯವರೆಗೆ 205 ಮಿ.ಮೀ. ವೃತ್ತದಲ್ಲಿ ಐದು ಬೋಲ್ಟು. 1968ರ ಮಾದರಿಯಿಂದ 130 ಮಿ.ಮೀ. ವೃತ್ತದಲ್ಲಿ ನಾಲ್ಕು. ನೋಡಲು ಎರಡೂ ಅದೇ ಜೀರುಂಡೆ.

ಬೋಲ್ಟಿನ ತಲೆಯ ಆಕಾರವೂ ಮುಖ್ಯ. ಕೆಲವು ರಿಮ್ಮಿನ ಗುಳಿ ಆಲಿಕೆಯಂತೆ ಇಳಿಜಾರು, ಕೆಲವು ಬಟ್ಟಲಿನಂತೆ ದುಂಡು, ಕೆಲವು ಸಪಾಟು. ಒಂದರ ಬೋಲ್ಟು ಇನ್ನೊಂದಕ್ಕೆ ಸಲ್ಲದು. ಅಲಾಯ್ ಚಕ್ರದ ನಡುಭಾಗ ಉಕ್ಕಿನ ತಗಡಿಗಿಂತ ದಪ್ಪ. ಹಳೆಯ ಬೋಲ್ಟನ್ನೇ ಹಾಕಿದರೆ ಒಳಗೆ ಹಿಡಿಯುವ ಮರೆ ಕಡಿಮೆಯಾಗುತ್ತದೆ.

ಇನ್ನು ಮೂರನೆಯದು, ಎಲ್ಲಕ್ಕಿಂತ ಸೂಕ್ಷ್ಮವಾದದ್ದು: ಆಫ್‌ಸೆಟ್. ಹೆಸರು ಕೇಳಿ ಹೆದರಬೇಡಿ. ಒಂದು ರೊಟ್ಟಿಯನ್ನು ಅಡ್ಡಡ್ಡ ಸೀಳಿದಂತೆ ರಿಮ್ಮನ್ನು ಅಗಲದ ನಟ್ಟನಡುವೆ ಸೀಳಿದೆವೆಂದು ಊಹಿಸಿಕೊಳ್ಳಿ. ಅದು ರಿಮ್ಮಿನ ಮಧ್ಯದ ಗೆರೆ. ಚಕ್ರ ಕಾರಿನ ಹಬ್ಬಿಗೆ ತಾಗಿ ಕೂರುವ ಮುಖ ಈ ಗೆರೆಯ ಮೇಲೆಯೇ ಇದ್ದರೆ ಆಫ್‌ಸೆಟ್ ಸೊನ್ನೆ. ಕೂರುವ ಮುಖ ಗೆರೆಗಿಂತ ರಸ್ತೆಯ ಕಡೆಗಿದ್ದರೆ ಧನ. ಆಗ ಚಕ್ರ ಮಡ್‌ಗಾರ್ಡಿನ ಒಳಗೆ ಸರಿದಿರುತ್ತದೆ. ಗೆರೆಗಿಂತ ಕಾರಿನ ಕಡೆಗಿದ್ದರೆ ಋಣ. ಆಗ ಚಕ್ರ ಹೊರಗೆ ಚಾಚುತ್ತದೆ. ಹಲವು ಅಲಾಯ್ ಚಕ್ರಗಳ ಮೇಲೆ ಇಟಿ ಎಂಬ ಎರಡಕ್ಷರದ ಮುಂದೆ ಬರೆದಿರುವ ಸಂಖ್ಯೆ ಇದೇ, ಮಿಲಿಮೀಟರಿನಲ್ಲಿ. ಇಟಿ ಎಂಬುದು ಜರ್ಮನ್ ಪದವೊಂದರ ಸಂಕ್ಷೇಪ.

ಬರೆದಿರದಿದ್ದರೆ ಅಳೆಯುವುದು ಕಷ್ಟವಲ್ಲ. ಟೈರು ತೆಗೆದ ರಿಮ್ಮನ್ನು ಮುಖ ಕೆಳಗಾಗಿ ನೆಲದ ಮೇಲಿಡಿ. ಮೇಲೆ ಬಂದ ಹಿಂಬದಿಯ ಅಂಚಿನ ಮೇಲೆ ನೇರವಾದ ಪಟ್ಟಿಯೊಂದನ್ನು ಅಡ್ಡ ಇಡಿ. ಪಟ್ಟಿಯಿಂದ ಹಬ್ಬಿಗೆ ತಾಗುವ ಮುಖದವರೆಗಿನ ಆಳವನ್ನು ಅಳೆಯಿರಿ. ಅದರಿಂದ ರಿಮ್ಮಿನ ಒಟ್ಟು ಅಗಲದ ಅರ್ಧವನ್ನು ಕಳೆಯಿರಿ. ಉಳಿದದ್ದೇ ಆಫ್‌ಸೆಟ್. ಒಂದು ಎಚ್ಚರಿಕೆ: ರಿಮ್ಮಿನ ಮೇಲೆ ಬರೆದ ಅಗಲ ಟೈರಿನ ಅಂಚುಗಳು ಕೂರುವ ಜಾಗಗಳ ನಡುವಿನದು. ಹೊರಗಿನಿಂದ ಹೊರಕ್ಕೆ ಅಳೆದರೆ ಸುಮಾರು ಒಂದು ಇಂಚು ಹೆಚ್ಚು ಬರುತ್ತದೆ. ಆಳವನ್ನು ಹೊರ ಅಂಚಿನಿಂದ ಅಳೆದಿರುವುದರಿಂದ ಇಲ್ಲಿ ಕಳೆಯಬೇಕಾದದ್ದು ಹೊರಗಿನ ಅಗಲದ ಅರ್ಧ.

ಈಗ ಒಂದು ಉದಾಹರಣೆ. ಲೆಕ್ಕಕ್ಕೆ ಸುಲಭವಾಗಲೆಂದು ದುಂಡು ಸಂಖ್ಯೆಗಳನ್ನು ತೆಗೆದುಕೊಂಡಿದ್ದೇನೆ. ನಿಮ್ಮ ಕಾರಿನ ಸಂಖ್ಯೆಗಳನ್ನು ನೀವೇ ಅಳೆಯಬೇಕು. ಹಳೆಯ ರಿಮ್ಮು 4 ಇಂಚು ಅಗಲ, ಆಫ್‌ಸೆಟ್ ಧನ 30. ಹೊಸದು 6 ಇಂಚು ಅಗಲ, ಆಫ್‌ಸೆಟ್ ಸೊನ್ನೆ. ಹಬ್ಬಿನ ಮುಖದಿಂದ ಹೊರಕ್ಕೆ ಎಷ್ಟು ಬರುತ್ತದೆಂದು ತಿಳಿಯಲು ಅಗಲದ ಅರ್ಧದಿಂದ ಆಫ್‌ಸೆಟ್ ಕಳೆಯಬೇಕು. ಹಳೆಯದಕ್ಕೆ 51ರಿಂದ 30 ಕಳೆದು 21. ಹೊಸದಕ್ಕೆ 76ರಿಂದ ಸೊನ್ನೆ ಕಳೆದು 76. ಅಂದರೆ ಹೊಸ ಚಕ್ರ 55 ಮಿ.ಮೀ. ಹೊರಕ್ಕೆ ಚಾಚಿತು. ಒಳಕ್ಕೆ ಎಷ್ಟೆಂದು ತಿಳಿಯಲು ಕೂಡಬೇಕು: ಹಳೆಯದು 81, ಹೊಸದು 76. ರಿಮ್ಮು ಎರಡು ಇಂಚು ಅಗಲವಾದರೂ ಒಳಗೆ ಹೋಗುವ ಬದಲು 5 ಮಿ.ಮೀ. ಹಿಂದೆ ಬಂತು. ಹೆಚ್ಚಾದ ಅಗಲವೆಲ್ಲ ಹೊರಗಡೆಗೇ! ಆಫ್‌ಸೆಟ್ 30 ಆಗಿಯೇ ಉಳಿದಿದ್ದರೆ ಹೊರಗೆ 25, ಒಳಗೆ 25 ಎಂದು ಸಮನಾಗಿ ಹಂಚಿಹೋಗುತ್ತಿತ್ತು.

ಹೊರಗೆ ಬಂದರೆ ಬರಲಿ, ನೋಡಲು ಚೆನ್ನಾಗಿರುತ್ತದಲ್ಲ ಎಂದು ಹುಡುಗ ಕೇಳಿದ. ಉತ್ತರವನ್ನು ನಾನು ಹೇಳಲಿಲ್ಲ. ಅಜ್ಜನ ಕಾಲದಿಂದ ಆ ಕಾರನ್ನು ನೋಡಿಕೊಳ್ಳುತ್ತಿರುವ ಹಿರಿಯ ಮೆಕ್ಯಾನಿಕರ ಬಳಿಗೆ ಕರೆದುಕೊಂಡು ಹೋದೆ. ಅವರು ಎಣ್ಣೆಗೈ ಒರೆಸಿಕೊಳ್ಳುತ್ತ ಒಂದೇ ಮಾತು ಹೇಳಿದರು: ‘ಚಕ್ರ ಹೊರಗೆ ಬಂದಷ್ಟೂ ಬೇರಿಂಗು ಅಳುತ್ತೆ, ಮರಿ.’

ಇದರಲ್ಲಿ ಇಡೀ ಒಂದು ಪಾಠವಿದೆ. ಮುಂಚಕ್ರದ ಹಬ್ಬಿನೊಳಗೆ ಎರಡು ಬೇರಿಂಗುಗಳು. ಟೈರಿನ ಮಧ್ಯದಲ್ಲಿ ಬೀಳುವ ಭಾರ ಅವೆರಡಕ್ಕೂ ಸರಿಯಾಗಿ ಹಂಚುವಂತೆ ಚಕ್ರದ ಜಾಗವನ್ನು ಗೊತ್ತುಮಾಡಿರುತ್ತಾರೆ. ಪದ್ಮಿನಿ ಖಾಲಿಯಿದ್ದಾಗ ಹತ್ತಿರಹತ್ತಿರ 900 ಕೆ.ಜಿ.; ಜನ, ಸಾಮಾನು ಸೇರಿ 1200 ಎಂದಿಟ್ಟುಕೊಳ್ಳಿ. ಒಂದೊಂದು ಚಕ್ರಕ್ಕೆ 300 ಕೆ.ಜಿ., ಸುಮಾರು 3000 ನ್ಯೂಟನ್ ಬಲ. ಟೈರಿನ ನಡುಗೆರೆ 30 ಮಿ.ಮೀ. ಹೊರಗೆ ಸರಿದರೆ ಬಲವನ್ನು ದೂರದಿಂದ ಗುಣಿಸಿ 90 ನ್ಯೂಟನ್-ಮೀಟರಿನಷ್ಟು ಹೆಚ್ಚಿನ ತಿರುಚು. ಒಂದು ಮೀಟರ್ ಉದ್ದದ ಕೋಲಿನ ತುದಿಗೆ 9 ಕೆ.ಜಿ. ಕಲ್ಲನ್ನು ಕಟ್ಟಿ, ಇನ್ನೊಂದು ತುದಿಯನ್ನು ಆ ಪುಟ್ಟ ಬೇರಿಂಗುಗಳ ಕೈಗೆ ಕೊಟ್ಟಂತೆ. ಗುಂಡಿಗೆ ಬಿದ್ದಾಗ ಇದು ಇನ್ನೂ ಹೆಚ್ಚು. ಮೆಕ್ಯಾನಿಕರು ‘ಅಳುತ್ತೆ’ ಎಂದದ್ದು ಅಲಂಕಾರವಲ್ಲ. ಸವೆದ ಬೇರಿಂಗು ನಿಜವಾಗಿಯೂ ಕೊಯ್ ಎನ್ನುತ್ತದೆ.

ಸ್ಟೀರಿಂಗಿನ ಕಥೆಯೂ ಇದೇ. ತಿರುಗಿಸಿದಾಗ ಮುಂಚಕ್ರ ಒಂದು ಅಕ್ಷದ ಸುತ್ತ ತಿರುಗುತ್ತದೆ. ಆ ಅಕ್ಷವನ್ನು ಗೆರೆಯಾಗಿ ನೆಲದವರೆಗೆ ಇಳಿಸಿದರೆ, ಅದು ಮುಟ್ಟುವ ಬಿಂದುವಿಗೂ ಟೈರಿನ ನಡುವಿಗೂ ಇರಬೇಕಾದ ಅಂತರವನ್ನು ಕಾರು ರೂಪಿಸಿದವರು ಲೆಕ್ಕಹಾಕಿ ಇಟ್ಟಿರುತ್ತಾರೆ. ಚಕ್ರ ಹೊರಗೆ ಬಂದಷ್ಟೂ ಆ ಅಂತರ ಬೆಳೆಯುತ್ತದೆ. ಬಾಗಿಲನ್ನು ತಿರುಗಣಿಯ ಹತ್ತಿರ ದೂಡುವುದಕ್ಕೂ ಹಿಡಿಯ ಹತ್ತಿರ ದೂಡುವುದಕ್ಕೂ ಇರುವ ವ್ಯತ್ಯಾಸ ಗೊತ್ತಲ್ಲ? ಈಗ ರಸ್ತೆಯ ಪ್ರತಿ ಕಲ್ಲೂ ಚಕ್ರವನ್ನು ಹಿಡಿಯ ಹತ್ತಿರ ದೂಡುತ್ತದೆ. ಅದರ ಪೆಟ್ಟು ಸ್ಟೀರಿಂಗ್ ಹಿಡಿದ ಕೈಗೆ ಬರುತ್ತದೆ. ಮಳೆಯಲ್ಲಿ ನೆನೆದ ಡ್ರಮ್ ಬ್ರೇಕುಗಳಲ್ಲಿ ಒಂದು ಬೇಗ ಹಿಡಿದು ಇನ್ನೊಂದು ತಡವಾದರೆ ಕಾರು ಪಕ್ಕಕ್ಕೆ ಎಳೆಯುವುದೂ ಮೊದಲಿಗಿಂತ ಜೋರಾಗುತ್ತದೆ.

ಒಂದು ವಾರದ ನಂತರ ಹುಡುಗ ನಾಲ್ಕು ಹಾಳೆಯ ಲೆಕ್ಕ ತಂದ. ಅಕ್ಷರ ಅಂದವಾಗಿರಲಿಲ್ಲ, ಸಂಖ್ಯೆಗಳು ಸರಿಯಾಗಿದ್ದವು. ಅಲಾಯ್ ಚಕ್ರದ ಆಫ್‌ಸೆಟ್ ಹಳೆಯದಕ್ಕಿಂತ ಬಹಳ ಕಡಿಮೆ, ಸುತ್ತಳತೆಯೂ ಮಿತಿ ಮೀರಿ ಕಡಿಮೆ, ಬೋಲ್ಟಿನ ಗುಳಿಯೂ ಬೇರೆ. ಕೊನೆಯ ಸಾಲಿನಲ್ಲಿ ‘ಹೊಂದುವುದಿಲ್ಲ’ ಎಂದು ತಾನೇ ಬರೆದು ಅಡಿಗೆರೆ ಹಾಕಿದ್ದ. ಅಪ್ಪನ ಮುಖದಲ್ಲಿ ಗೆದ್ದ ಕಳೆ ಮೂಡಿತು.

ಆದರೆ ಹಾಳೆಯ ಹಿಂಬದಿಯಲ್ಲಿ ಇನ್ನೊಂದು ಸಾಲಿತ್ತು. ಟೈರಿನ ಗೋಡೆಯ ಮೇಲೆ ಅದು ತಯಾರಾದ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತಾರೆ ಎಂದು ನಾನು ಹೇಳಿದ್ದೆ. ಹುಡುಗ ತಂತಿ ಬ್ರಷ್ಷಿನಿಂದ ಕೆಸರು ಕೆರೆದು ಅದನ್ನು ಹುಡುಕಿದ್ದ. 3109. ಅಂದರೆ 2009ನೇ ಇಸವಿಯ 31ನೇ ವಾರ. ಅಜ್ಜ ಕಾರನ್ನು ಹೆಚ್ಚು ಹೊರಗೆ ತೆಗೆಯದ ಕಾಲದಲ್ಲಿ ಹಾಕಿಸಿದ ಟೈರುಗಳು. ಗುಬ್ಬಿಗಳು ಇನ್ನೂ ಆಳವಾಗಿದ್ದವು, ಹೊಸದರಂತೆ ಕಾಣುತ್ತಿದ್ದವು. ಆದರೆ ರಬ್ಬರಿನ ವಯಸ್ಸು ಓಟದಿಂದ ಮಾತ್ರ ಆಗುವುದಿಲ್ಲ. ಗಾಳಿಯ ಆಮ್ಲಜನಕ, ಓಝೋನ್, ಬಿಸಿಲು ಎಲ್ಲ ಸೇರಿ ನಿಂತಲ್ಲೇ ಅದನ್ನು ಗಡುಸು ಮಾಡುತ್ತವೆ. ಟೈರಿನ ಗೋಡೆಯನ್ನು ಬೆರಳಿನಿಂದ ಒತ್ತಿದಾಗ ಒಣಗಿದ ಕೆರೆಯ ತಳದಂತೆ ಸಣ್ಣ ಸಣ್ಣ ಬಿರುಕು ಬಾಯಿಬಿಟ್ಟವು. ಹದಿನಾಲ್ಕು ವರ್ಷದ ಆ ಟೈರುಗಳ ಮೇಲೆ ಅಪ್ಪ ಹಿಂದಿನ ಬೇಸಿಗೆಯಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗಿಬಂದಿದ್ದರು.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗನನ್ನೇ ಕೇಳಿದರು, ‘ಹಾಗಾದರೆ ಏನು ಹಾಕಿಸೋಣ ಹೇಳು.’ ನನಗೆ ತಿಳಿದಂತೆ ಅಪ್ಪ ಮಗನನ್ನು ಕಾರಿನ ವಿಷಯದಲ್ಲಿ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಮುಂದಿನ ಹುಡುಕಾಟ ಇಬ್ಬರದೂ. ಅಜ್ಜನ ಉಕ್ಕಿನ ರಿಮ್ಮುಗಳನ್ನೇ ಉಳಿಸಿಕೊಳ್ಳುವುದೆಂದಾಯಿತು. ಅವುಗಳಲ್ಲಿ ಒಂದು ವಾಲಾಡುತ್ತಿತ್ತು. ಅದನ್ನು ಬಿಟ್ಟು ಗುಜರಿಯಲ್ಲಿ ಸಿಕ್ಕ ಅದೇ ಅಳತೆಯ ಇನ್ನೊಂದನ್ನು ತಂದರು. ಟೈರಿಗೆ 165/80 ಆರ್ 14 ಎಂಬ ರೇಡಿಯಲ್ ಹೊಂದಬಹುದೆ ಎಂದು ನೋಡಿದರು. ಲೆಕ್ಕದಲ್ಲಿ ಅದರ ವ್ಯಾಸ 619.6 ಮಿ.ಮೀ.; ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಸೀಮೆಸುಣ್ಣದಿಂದ ಅಳೆದಾಗ ಸುತ್ತಿಗೆ 1.89 ಮೀಟರ್. ಹಳೆಯದಕ್ಕಿಂತ ಶೇಕಡಾ ಎರಡೂ ಹೆಚ್ಚಲ್ಲ. ಟೈರಿನ ಮೇಲಿದ್ದ 85 ಎಂಬ ಭಾರಸೂಚಿಯ ಅರ್ಥ ಒಂದು ಟೈರು 515 ಕೆ.ಜಿ. ಹೊರಬಲ್ಲದು ಎಂದು, ಬೇಕಾದದ್ದಕ್ಕಿಂತ ಹೆಚ್ಚೇ ಇತ್ತು. ಆ ಟೈರಿಗೆ ಎಷ್ಟು ಅಗಲದ ರಿಮ್ಮು ಸಲ್ಲುತ್ತದೆ ಎಂಬ ತಯಾರಕರ ಪಟ್ಟಿಯನ್ನೂ ನೋಡಿ ತಮ್ಮ ರಿಮ್ಮಿಗೆ ತಾಳೆ ಹಾಕಿಕೊಂಡರು.

ಉಳಿದದ್ದು ಒಂದೇ ಅನುಮಾನ. ಟೈರು ಹಳೆಯದಕ್ಕಿಂತ 33 ಮಿ.ಮೀ. ಅಗಲ, ಅಂದರೆ ಪ್ರತಿ ಪಕ್ಕಕ್ಕೆ 16ಕ್ಕೂ ಹೆಚ್ಚು. ಎಲ್ಲಾದರೂ ಉಜ್ಜಿದರೆ? ಇದಕ್ಕೆ ಹುಡುಗನ ಅಮ್ಮನ ಅಡುಗೆಮನೆಯಿಂದ ಚಪಾತಿ ಹಿಟ್ಟು ಬಂತು. ಒಂದು ಟೈರನ್ನು ಮಾತ್ರ ತಂದು ಹಾಕಿ, ಮಡ್‌ಗಾರ್ಡಿನ ಒಳಗೆ ಇಕ್ಕಟ್ಟಾದ ಜಾಗಗಳಲ್ಲಿ ಹಿಟ್ಟಿನ ಉಂಡೆ ಮೆತ್ತಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಆ ಮೂಲೆಯ ಮೇಲೆ ನಾಲ್ಕು ಜನ ಭಾರ ಹಾಕಿ ಕುಲುಕಿದರು. ಮುಂದೆಯೂ ಹಿಂದೆಯೂ ಹೀಗೆಯೇ ಮಾಡಿ, ಚಪ್ಪಟೆಯಾದ ಹಿಟ್ಟಿನ ದಪ್ಪ ಅಳೆದರೆ ಟೈರಿಗೂ ತಗಡಿಗೂ ಉಳಿದ ಜಾಗ ಗೊತ್ತಾಗುತ್ತದೆ. ಸಾಕಷ್ಟು ಜಾಗವಿತ್ತು. ಆಮೇಲೆಯೇ ಉಳಿದ ಟೈರುಗಳಿಗೆ ದುಡ್ಡು ಕೊಟ್ಟದ್ದು.

ಮೆಕ್ಯಾನಿಕರು ಮೂರು ಮಾತು ಸೇರಿಸಿದರು. ಹಳೆಯ ರಿಮ್ಮಿನಲ್ಲಿ ಟ್ಯೂಬ್ ಇಲ್ಲದ ಟೈರಿನ ಅಂಚನ್ನು ಹಿಡಿದಿಡುವ ಉಬ್ಬು ಇರುವುದಿಲ್ಲ, ಆದ್ದರಿಂದ ರೇಡಿಯಲ್‌ಗೆ ತಕ್ಕ ಟ್ಯೂಬ್ ಹಾಕಲೇಬೇಕು. ಹಳೆಯ ನೈಲಾನ್ ಟೈರನ್ನೂ ರೇಡಿಯಲ್ಲನ್ನೂ ಬೆರೆಸಬಾರದು, ಸ್ಟೆಪ್ನಿಯೂ ಅದೇ ಜಾತಿಯದಾಗಬೇಕು. ಚಕ್ರ ಬಿಗಿದ ಮೇಲೆ ಐವತ್ತು-ನೂರು ಕಿಲೋಮೀಟರ್ ಓಡಿಸಿ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಚಕ್ರವನ್ನು ಹೊರಗೆ ತಳ್ಳಲು ಹಬ್ಬಿಗೂ ರಿಮ್ಮಿಗೂ ನಡುವೆ ಇಡುವ ಬಿಲ್ಲೆಗಳ ಬಗ್ಗೆ ಹುಡುಗ ಮೆಲ್ಲಗೆ ಕೇಳಿದ. ‘ಅದು ಅಲಾಯ್ ಇಲ್ಲದೆ ಬೇರಿಂಗನ್ನು ಅಳಿಸುವ ದಾರಿ’ ಎಂದು ಅವರು ನಕ್ಕರು.

ಕಾನೂನಿನ ಮಾತನ್ನೂ ತಂದೆತಾಯಿಗಳು ತಿಳಿದಿರಬೇಕು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿ ಉಳಿಸಿಕೊಂಡ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆ. ಅಜ್ಜನ ಪದ್ಮಿನಿಗೆ 2032ಕ್ಕೆ ಐವತ್ತು ತುಂಬುತ್ತದೆ. ಇದನ್ನು ಹೇಳಿದಾಗ ಹುಡುಗ ಬೆರಳು ಮಡಿಸಿ ತನ್ನ ವಯಸ್ಸನ್ನು ಎಣಿಸಿಕೊಂಡ.

ಗುಜರಿಯವನು ಮತ್ತೆ ಬಂದಾಗ ಅಪ್ಪನೇ ಅವನನ್ನು ಬಾಗಿಲಿನಿಂದ ಕಳಿಸಿದರಂತೆ. ಹುಡುಗನಿಗೆ ಪಿಯುಸಿಯಲ್ಲಿ ರ‍್ಯಾಂಕೇನೂ ಬರಲಿಲ್ಲ. ಭೌತಶಾಸ್ತ್ರದಲ್ಲಿ ಐವತ್ತೊಂಬತ್ತು. ಆದರೆ ಲೆಕ್ಕವೊಂದನ್ನು ಪೂರ್ತಿ ಬಿಡಿಸಿದ್ದಾಗಿ ಹೇಳಿಕೊಂಡ. ಈಗ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಾನೆ. ‘ಎಂಜಿನಿಯರಿಂಗೇ ಆಗಬೇಕು’ ಎಂದಿದ್ದ ಅಪ್ಪ ಅದನ್ನು ಒಪ್ಪಿಕೊಳ್ಳಲು ಇನ್ನೂ ಸ್ವಲ್ಪ ದಿನ ಹಿಡಿಯಿತು.

ಮಕ್ಕಳ ಹುಚ್ಚನ್ನು ಕಂಡು ಹೆದರುವ ತಂದೆತಾಯಿಗಳು ನನ್ನ ಬಳಿ ಆಗಾಗ ಬರುತ್ತಾರೆ. ಕಾರಿನ ಹುಚ್ಚು, ಕ್ಯಾಮೆರಾ ಹುಚ್ಚು, ಪಾರಿವಾಳದ ಹುಚ್ಚು. ಬಿಡಿಸಿ ಎನ್ನುತ್ತಾರೆ. ಹುಚ್ಚಿನ ಕೈಗೆ ಒಂದು ಅಳತೆಪಟ್ಟಿ ಕೊಟ್ಟು ನೋಡಿ ಎನ್ನುವುದು ಈಗ ನನ್ನ ಉತ್ತರ. ಅಳೆಯುವ ಹುಡುಗ ನಮ್ಮ ಮಾತನ್ನು ಕೇಳದಿರಬಹುದು, ತಾನೇ ಅಳೆದ ಸಂಖ್ಯೆಯ ಮಾತನ್ನು ಮೀರುವುದು ಅವನಿಗೂ ಕಷ್ಟ. ಹಿರಿಯರಾದ ನಮಗೂ ಅಷ್ಟೆ.

ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ ಕೊಟ್ಟು ಮುಗಿಸುತ್ತೇನೆ. ಇವತ್ತು ಸಂಜೆ ನಿಮ್ಮ ಮನೆಯ ಸ್ಕೂಟರೋ ಕಾರೋ ಯಾವುದಿದೆಯೋ ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಟೈರಿನ ಮೇಲೆ ಬರೆದಿರುವುದನ್ನೆಲ್ಲ ಓದಿ ಬರೆದುಕೊಳ್ಳಿ. ಆ ನಾಲ್ಕು ಅಂಕಿಗಳನ್ನು ಹುಡುಕುವುದನ್ನು ಮರೆಯಬೇಡಿ. ಅವು ಹೇಳುವ ವರ್ಷ ತೀರ ಹಳೆಯದಾಗಿದ್ದರೆ, ಊಟಕ್ಕೆ ಕೂತಾಗ ಅಪ್ಪನಿಗೆ ತಿಳಿಸಿ.